ಶಸ್ತ್ರಪ್ರದರ್ಶನವೂ ಬಾಲಪ್ರೇಕ್ಷಕರೂ

ಸೈನ್ಯದ ಶಸ್ತ್ರಾಸ್ತ್ರಗಳನ್ನು ವರ್ಣಿಸಿ ತೋರಿಸುವ ಟೆಲಿವಿಷನ್ ಕಾರ್ಯಕ್ರಮಗಳು ಮಕ್ಕಳು ನೋಡತಕ್ಕವೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಒಂದೇ: ರಕ್ತಪಾತವು ಕಣ್ಣಿಗೆ ಬೀಳದಿದ್ದರೆ ಬಾಧಕವಿಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳೂ ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದಿವೆ. ಮಕ್ಕಳಿಗಾಗಿ ಮಾಡಿದ ಕಾರ್ಯಕ್ರಮಗಳಲ್ಲಿ ಕೆಟ್ಟ ಮಾತೂ ಹಿಂಸೆಯ ಸ್ಪಷ್ಟ ದೃಶ್ಯಗಳೂ ಇರಕೂಡದೆಂದೂ, ಮಕ್ಕಳಿಗೆ ತಕ್ಕುದಲ್ಲದುದನ್ನು ಅವರು ಹೆಚ್ಚು ಸಂಖ್ಯೆಯಲ್ಲಿ ನೋಡುವ ವೇಳೆಯಲ್ಲಿ ತೋರಿಸಕೂಡದೆಂದೂ ಅವು ವಿಧಿಸುತ್ತವೆ. 2006ರಿಂದ 2008ರ ವರೆಗೆ ಡಿಸ್ಕವರಿ ವಾಹಿನಿಗಾಗಿ ತಯಾರಾದ ‘ಫ್ಯೂಚರ್ ವೆಪನ್ಸ್’ ಎಂಬ ಮಾಲೆಯನ್ನು ಈ ಒರೆಗಲ್ಲಿಗೆ ಹಚ್ಚಿದರೆ ಅದು ಸುಲಭವಾಗಿ ತೇರ್ಗಡೆಯಾಗುತ್ತದೆ. ಅಲ್ಲಿ ಗುಂಡು ತಗಲುವುದು ಗುರಿಹಲಗೆಗೆ, ಗೋಡೆಗೆ, ಹಳೆಯ ವಾಹನಕ್ಕೆ, ಮನುಷ್ಯನಿಗಲ್ಲ. ಆ ಮನುಷ್ಯನು ಅಲ್ಲಿ ಕಾಣದಿರುವುದೇ ಅದರ ದೋಷವೆಂದು ನನ್ನ ಅಭಿಪ್ರಾಯ.

ಆಯುಧದ ದರ್ಶನಮಾತ್ರದಿಂದ ಮಗು ಕೆಡುವುದೆಂಬ ವಾದವನ್ನಂತೂ ಒಪ್ಪುವುದು ಕಷ್ಟ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಯಲ್ಲಿ ಕೋವಿಯಿರುವ ಮನೆಗಳು ಅನೇಕ. ಹಂದಿಯ ಹಾವಳಿಯಿಂದ ಗದ್ದೆ ತೋಟಗಳನ್ನು ಕಾಯುವುದಕ್ಕೆಂದು ಪರವಾನಗಿ ಪಡೆದ ಕೋವಿ ಅದು. ಗುರಿಯ ಅಭ್ಯಾಸಕ್ಕೆ ಸಂಬಂಧಿಸಿದ ವಿನಾಯಿತಿಯನ್ನು ಬಿಟ್ಟರೆ, 21 ವರ್ಷ ತುಂಬದವರು ಅದನ್ನು ಇಟ್ಟುಕೊಳ್ಳುವುದಕ್ಕೆ 1959ರ ಆಯುಧ ಕಾಯಿದೆಯು ಸಮ್ಮತಿಸುವುದಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ, ಅಪ್ಪಣೆಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧ. ಚುನಾವಣೆಯ ಕಾಲದಲ್ಲಿ ಅಧಿಕಾರಿಗಳ ಆಜ್ಞೆಯಾದರೆ ಮನೆಯ ಯಜಮಾನನು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಾನೆ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಜೀಪುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ. ಹೀಗಾಗಿ ಆ ಮನೆಯ ಮಗುವು ಆಯುಧವನ್ನು ಅಗತ್ಯ, ಭಯ, ಕಾನೂನು ಇವುಗಳೊಂದಿಗೆ ಕೂಡಿಸಿಯೇ ಅರಿಯುತ್ತದೆ. ಇಂಥ ಮನೆಗಳಲ್ಲಿ ಅವಘಡಗಳೇ ಆಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಮಗುವಿಗೆ ದೊರೆಯುವ ತಿಳಿವಳಿಕೆಯ ಬಗೆ ಬೇರೆ ಎಂದಷ್ಟೇ ನನ್ನ ಮಾತು.

ಕತೆಯ ಮೂಲಕ ದೊರೆಯುವ ತಿಳಿವಳಿಕೆಯೂ ಇದೇ ಜಾತಿಯದು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಹುಲಿಯು ಮೇಲೆ ಬಿದ್ದಾಗ ಜೈನಮುನಿಯು ಸಳನಿಗೆ ‘ಪೊಯ್ ಸಳ’ ಎಂದು ಆಜ್ಞಾಪಿಸಿದ ಐತಿಹ್ಯವನ್ನು ನಮ್ಮ ಪಾಠಶಾಲೆಗಳಲ್ಲಿ ಕೇಳದ ಮಗುವಿಲ್ಲ. ಅದು ಚರಿತ್ರೆಯಲ್ಲವೆಂದು ವಿದ್ವಾಂಸರು ಹೇಳಿದರೂ ಅದರ ರಚನೆಯು ಗಮನಾರ್ಹವಾಗಿದೆ: ಮೊದಲು ವಿಪತ್ತು, ಆಮೇಲೆ ಗುರುವಿನ ಆಜ್ಞೆ, ಕಡೆಗೆ ಪ್ರಹಾರ. ಸಳನ ಕೈಯಲ್ಲಿದ್ದ ಸಾಧನದ ಉದ್ದವೆಷ್ಟು, ತೂಕವೆಷ್ಟು ಎಂದು ಯಾರೂ ಕೇಳುವುದಿಲ್ಲ.

ಆದರೆ ಕೇವಲ ಪ್ರದರ್ಶನಕ್ಕಾಗಿ ಶಸ್ತ್ರವನ್ನು ಪ್ರಯೋಗಿಸುವ ಪ್ರಸಂಗವೂ ನಮ್ಮ ಸಾಹಿತ್ಯದಲ್ಲಿ ಇಲ್ಲದಿಲ್ಲ. ಆದಿಪರ್ವದಲ್ಲಿ ದ್ರೋಣನು ರಂಗವನ್ನು ಕಟ್ಟಿಸಿ ರಾಜಕುಮಾರರ ಅಸ್ತ್ರವಿದ್ಯೆಯನ್ನು ಪುರಜನರಿಗೆ ತೋರಿಸುತ್ತಾನೆ. ಕುರುಡನಾದ ಧೃತರಾಷ್ಟ್ರನಿಗೆ ವಿದುರನೂ ಕಣ್ಣು ಕಟ್ಟಿಕೊಂಡ ಗಾಂಧಾರಿಗೆ ಕುಂತಿಯೂ ನಡೆದುದನ್ನೆಲ್ಲ ಬಣ್ಣಿಸುತ್ತಾರೆ. ಇಂದಿನ ಟೆಲಿವಿಷನ್ ನಿರೂಪಕನ ಕೆಲಸವೂ ಇದೇ ತಾನೆ! ಅರ್ಜುನನು ಬೆಂಕಿ, ನೀರು, ಗಾಳಿಗಳನ್ನು ಅಸ್ತ್ರಗಳಿಂದ ಸೃಷ್ಟಿಸಿದಾಗ ಜನರು ಬೆರಗಾಗುತ್ತಾರೆ. ವ್ಯಾಸರು ಅಲ್ಲಿಗೆ ನಿಲ್ಲಿಸಲಿಲ್ಲ. ಕರ್ಣನು ಬರುತ್ತಾನೆ, ಕುಲದ ಮಾತೆದ್ದು ಅವನಿಗೆ ಅವಮಾನವಾಗುತ್ತದೆ, ದುರ್ಯೋಧನನು ಅವನಿಗೆ ಅಂಗರಾಜ್ಯವನ್ನು ಕೊಡುತ್ತಾನೆ, ಮಗನನ್ನು ಗುರುತಿಸಿದ ಕುಂತಿಯು ಮೂರ್ಛೆ ಹೋಗುತ್ತಾಳೆ. ವಿನೋದಕ್ಕಾಗಿ ಕೂಡಿದ ಸಭೆಯಿಂದ ಕುರುಕ್ಷೇತ್ರಕ್ಕೆ ಹಾದಿ ತೆರೆಯುತ್ತದೆ. ಪಂಪನೂ ವಿಕ್ರಮಾರ್ಜುನ ವಿಜಯದಲ್ಲಿ ಈ ಪ್ರಸಂಗವನ್ನು ಬಿಡದೆ ಉಳಿಸಿಕೊಂಡಿದ್ದಾನೆ. ಟೆಲಿವಿಷನ್ ಕಾರ್ಯಕ್ರಮವಾದರೋ ಜನರು ಬೆರಗಾದೊಡನೆಯೇ ಮುಗಿದುಹೋಗುತ್ತದೆ. ವೇಗ, ದೂರ, ಬೆಲೆ ಇವಿಷ್ಟೇ ಮಗುವಿನ ಮನಸ್ಸಿನಲ್ಲಿ ಉಳಿಯುತ್ತವೆ; ಆಯುಧದ ಮುಂದೆ ನಿಂತವನಿಗೆ ಹೆಸರೂ ಇಲ್ಲ, ತಾಯಿಯೂ ಇಲ್ಲ.

ಇದೇ ಕವಿಯ ಆದಿಪುರಾಣದಲ್ಲಿ ಭರತನು ಅಣ್ಣತಮ್ಮಂದಿರ ದ್ವಂದ್ವದಲ್ಲಿ ಸೋತು ಚಕ್ರವನ್ನೇ ಪ್ರಯೋಗಿಸಿದಾಗ ಅದು ಬಾಹುಬಲಿಯನ್ನು ಹೊಡೆಯದೆ ಬಲಗೊಂಡು ನಿಲ್ಲುತ್ತದೆ. ಕಳಸ ಕಾರ್ಕಳಗಳನ್ನು ಆಳಿದ ಭೈರರಸರ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದಲ್ಲಿ ನಿಲ್ಲಿಸಿದ್ದು, ಗೆದ್ದೂ ರಾಜ್ಯವನ್ನು ಬಿಟ್ಟ ಈ ಬಾಹುಬಲಿಯ ಮೂರ್ತಿಯನ್ನೇ.

ಕಾವ್ಯದ ಸಾಕ್ಷ್ಯವು ಸಾಲದೆನ್ನುವವರು ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞನ ಪ್ರಯೋಗಗಳನ್ನು ನೋಡಬಹುದು. 1961ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ, ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಎಳೆಯ ಮಕ್ಕಳು ತಾವೂ ಹಾಗೆಯೇ ಹೊಡೆದರು. 1963ರಲ್ಲಿ ಅದನ್ನೇ ಚಲನಚಿತ್ರದಲ್ಲಿ ತೋರಿಸಿದಾಗಲೂ ಹೊಡೆದರು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು 1965ರ ಪ್ರಯೋಗ. ಹೊಡೆದವನಿಗೆ ದಂಡನೆಯಾದುದನ್ನು ನೋಡಿದ ಮಕ್ಕಳು ಅವನನ್ನು ಕಡಿಮೆ ಅನುಕರಿಸಿದರು. ಆದರೆ ಬಹುಮಾನದ ಆಸೆ ತೋರಿಸಿದೊಡನೆ ಅವರೂ ಎಲ್ಲವನ್ನೂ ಮಾಡಿತೋರಿಸಿದರು. ಅಂದರೆ ಕಲಿಯುವುದನ್ನು ಕಲಿತೇ ಇದ್ದರು. ಇವು ಹೊಡೆತದ ಪ್ರಯೋಗಗಳೇ ಹೊರತು ಯಂತ್ರವರ್ಣನೆಯವಲ್ಲ, ನಿಜ. ಪರಿಣಾಮವನ್ನು ಕಾಣಿಸುವುದಕ್ಕೂ ಮರೆಮಾಡುವುದಕ್ಕೂ ಭೇದವುಂಟೆಂಬಷ್ಟಕ್ಕೆ ಮಾತ್ರ ಅವನ್ನು ಇಲ್ಲಿ ತಂದಿದ್ದೇನೆ.

ಯಂತ್ರದ ಕುತೂಹಲವು ತಾನಾಗಿ ನಿಂದ್ಯವಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ ಮೈಸೂರಿನ ಸುಲ್ತಾನರ ಕಾಲದವೆಂದು ಹೇಳುವ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದುವು. ಅಂಥ ಕೊಳವೆಯೊಂದನ್ನು ಬಾಲಕನಿಗೆ ತೋರಿಸಿ ಕಬ್ಬಿಣದ ಕೆಲಸವನ್ನೂ ಮದ್ದಿನ ಗುಣವನ್ನೂ ವಿವರಿಸುವ ಉಪಾಧ್ಯಾಯರು ಒಳ್ಳೆಯ ಕೆಲಸವನ್ನೇ ಮಾಡುತ್ತಾರೆ. ಅದು ಯಾರ ಮೇಲೆ, ಏತಕ್ಕಾಗಿ ಹಾರುತ್ತಿತ್ತೆಂಬುದೂ ಅದೇ ಪಾಠದಲ್ಲಿ ಬರಬೇಕು.

ವಯಸ್ಸಿನ ವಿಷಯದಲ್ಲಿ ಒಂದು ಮಾತು. ದೂರದ ಸುದ್ದಿಗೂ ಮನೆಬಾಗಿಲಿನ ಅಪಾಯಕ್ಕೂ ಇರುವ ಅಂತರವನ್ನು ತೀರ ಎಳೆಯರು ಅರಿಯಲಾರರು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದಾಗ, ವೈಮಾನಿಕ ದಾಳಿಯ ಎಚ್ಚರಿಕೆಯ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಕೂಡದೆಂದು ಕೇಂದ್ರ ಸರಕಾರವೇ ವಾಹಿನಿಗಳಿಗೆ ತಿಳಿಸಬೇಕಾಯಿತು. ಪದೇ ಪದೇ ಕೇಳಿದರೆ ನಿಜವಾದ ಸೈರನ್ನನ್ನೂ ಜನರು ಲೆಕ್ಕಿಸದೆ ಹೋದಾರೆಂಬುದು ಅದರ ಕಾರಣ. ದೊಡ್ಡವರ ಕಿವಿಯ ಪಾಡೇ ಹೀಗಿರುವಲ್ಲಿ, ಐದಾರು ವರ್ಷದ ಮಗುವನ್ನು ಇಂಥ ಕಾರ್ಯಕ್ರಮಗಳ ಮುಂದೆ ಕೂರಿಸದಿರುವುದೇ ಲೇಸು. ಹೈಸ್ಕೂಲಿನ ವಿದ್ಯಾರ್ಥಿಗಳನ್ನು ತಡೆಯಬೇಕಾಗಿಲ್ಲ. ಅವರು ಅದನ್ನು ನೋಡಿದ ಮರುದಿನವೇ ತರಗತಿಯಲ್ಲಿ ದ್ರೋಣನ ರಂಗದ ಪ್ರಸಂಗವನ್ನು ತೆಗೆದು, ಕುಂತಿಯು ಮೂರ್ಛೆ ಹೋಗುವವರೆಗೂ ಓದಿಸಬಹುದು.