ಗೆರೆ ಎಳೆದವರು ಯಾರು?

ಮಳೆ ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ. ಕಾಲುವೆಯ ನೀರು ಹಾಗಲ್ಲ. ಅದು ಯಾವ ಊರಿನ ಎರೆಹೊಲವನ್ನು ಹಾಯಬೇಕು, ಯಾವ ಊರಿನ ಮಗ್ಗುಲಲ್ಲಿ ನಿಂತುಬಿಡಬೇಕು ಎಂಬುದನ್ನು ಎಲ್ಲಿಯೋ ನಕಾಶೆಯನ್ನು ಹರಡಿಕೊಂಡು ಕುಳಿತವರು ಮೊದಲೇ ನಿರ್ಧರಿಸಿರುತ್ತಾರೆ. ರೋಣ, ನರಗುಂದ ಸೀಮೆಯ ರೈತನಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಮಲಪ್ರಭೆಯ ಕಾಲುವೆ ಪ್ರದೇಶದಲ್ಲಿ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನರಗುಂದದ ರೈತರು ಎದ್ದುನಿಂತುದನ್ನು ನಾಡೇ ಕಂಡಿದೆ. ಆದರೆ ಮನೆಯೊಳಗಿನ ರೇಡಿಯೋ, ದೂರದರ್ಶನ, ಕೈಯೊಳಗಿನ ಮೊಬೈಲು ಇವೆಲ್ಲ ಮಳೆಯಂತೆ ತಾವಾಗಿಯೇ ಆಕಾಶದಿಂದ ಇಳಿದುಬಂದವೆಂದು ಅದೇ ರೈತನ ಮಕ್ಕಳು ನಂಬುವುದುಂಟು. ಇವುಗಳಿಗೂ ಕಾಲುವೆಯಂತೆಯೇ ಒಂದು ನಕಾಶೆಯಿದೆ. ಅದನ್ನು ಓದಲು ಕಲಿಸುವುದು ಶಾಲಾ ಕಾಲೇಜುಗಳ ಕರ್ತವ್ಯ. ಆ ಪಾಠಕ್ಕೆ ಬೇಕಾದ ದೃಷ್ಟಾಂತವನ್ನು ಹುಡುಕಿಕೊಂಡು ರೋಣದ ಅಧ್ಯಾಪಕರು ದೂರ ಹೋಗಬೇಕಾಗಿಲ್ಲ.

1975ರ ಆಗಸ್ಟ್ 1ರಂದು ಭಾರತದ ಹಳ್ಳಿಗಳಲ್ಲಿ ಒಂದು ಅಪೂರ್ವ ಪ್ರಯೋಗ ಆರಂಭವಾಯಿತು. ಅಮೆರಿಕದಿಂದ ಎರವಲಾಗಿ ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲುಪತೊಡಗಿದವು. ‘ಸೈಟ್’ ಎಂಬುದು ಅದರ ಹ್ರಸ್ವನಾಮ. ವಿಕ್ರಂ ಸಾರಾಭಾಯಿಯವರ ಕನಸದು. ಅದು ಕೈಗೂಡುವ ಮೊದಲೇ, 1971ರಲ್ಲಿ, ಅವರು ತೀರಿಕೊಂಡಿದ್ದರು. ತಂತಿಯ ಜಾಲರಿಯಿಂದ ಹೆಣೆದ, ಸುಮಾರು ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ ಮತ್ತು ಆರೋಗ್ಯದ ವಿಚಾರ.

ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆಯ್ದುಕೊಂಡ ಜಿಲ್ಲೆಗಳು ಮೂರು: ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಇಲ್ಲಿ ಓದುಗರು ಅಂದಿನ ನಕಾಶೆಯನ್ನೊಮ್ಮೆ ನೆನೆಯಬೇಕು. ಗದಗ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅಲ್ಲಿಯವರೆಗೆ ರೋಣ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳೆಆಲೂರಿನ ಬಳಿ ಹರಿಯುವ ಮಲಪ್ರಭೆಯ ಉತ್ತರಕ್ಕೆ ಬಾದಾಮಿ ತಾಲ್ಲೂಕು, ಅಂದರೆ ಅಂದಿನ ಬಿಜಾಪುರ ಜಿಲ್ಲೆ. ಗಜೇಂದ್ರಗಡದ ಗುಡ್ಡವನ್ನು ದಾಟಿ ಪೂರ್ವಕ್ಕೆ ನಡೆದರೆ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು, ಅಂದರೆ ಅಂದಿನ ರಾಯಚೂರು ಜಿಲ್ಲೆ. ಎರಡು ಮಗ್ಗುಲಿನ ಜಿಲ್ಲೆಗಳೂ ಪ್ರಯೋಗದ ಒಳಗೆ. ನಡುವಿನ ರೋಣ ಹೊರಗೆ. ಅದೇ ಎರೆಮಣ್ಣು, ಅದೇ ಬಿಳಿಜೋಳ, ಅದೇ ಬರಗಾಲ. ಹಾಗಾದರೆ ಆ ಗೆರೆಯನ್ನು ಎಳೆದವರು ಯಾರು?

ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಉತ್ತರದಲ್ಲಿ ದ್ವೇಷವಾಗಲಿ ಪಕ್ಷಪಾತವಾಗಲಿ ಕಾಣುವುದಿಲ್ಲ. ಹಿಂದುಳಿದ ಜಿಲ್ಲೆಗಳಾಗಿರಬೇಕು, ಹಳ್ಳಿಗಳಿಗೆ ವಿದ್ಯುತ್ತು ಬಂದಿರಬೇಕು, ಕೆಟ್ಟ ಯಂತ್ರವನ್ನು ಬೇಗ ದುರಸ್ತಿ ಮಾಡಲು ಹಳ್ಳಿಗಳು ಒಂದು ಗುಂಪಾಗಿರಬೇಕು: ಇಂಥ ಕಾರಣಗಳನ್ನು ಮುಂದಿಟ್ಟುಕೊಂಡೇ ಆಯ್ಕೆ ನಡೆಯಿತು. ಕಾರಣಗಳು ಸರಿಯಾಗಿದ್ದರೂ ಗೆರೆಯ ಹೊರಗೆ ಉಳಿದವನಿಗೆ ನಷ್ಟವಾಗುತ್ತದೆ. ಒಳಗಿದ್ದವನಿಗೂ ಎಲ್ಲವೂ ದೊರೆಯುವುದಿಲ್ಲ. ಬಿಜಾಪುರದ ಹಳ್ಳಿಗನು ನೋಡಿದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. 1976ರ ಜುಲೈ 31ಕ್ಕೆ ಎರವಲಿನ ಅವಧಿ ಮುಗಿಯಿತು, ಉಪಗ್ರಹ ಹಿಂದಿರುಗಿತು. ಆದರೂ ಆ ಗೆರೆಯ ಗುರುತು ಅಳಿಯಲಿಲ್ಲ. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿಯೇ ಗುಲ್ಬರ್ಗಾದಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತು. ರಾಜಧಾನಿ ಬೆಂಗಳೂರಿನ ಸರದಿ ಬಂದದ್ದು 1981ರಲ್ಲಿ.

ಇಷ್ಟು ತಿಳಿದ ವಿದ್ಯಾರ್ಥಿಗೆ ಮುಂದಿನ ಪಾಠ ಸುಲಭ. ಅಧಿಕಾರ ಯಾರದು ಎಂಬುದನ್ನು ಸಂವಿಧಾನದ ಏಳನೆಯ ಅನುಸೂಚಿ ಹಂಚಿಕೊಟ್ಟಿದೆ. ಅಂಚೆ, ದೂರವಾಣಿ, ಬಾನುಲಿ ಪ್ರಸಾರಗಳು ಕೇಂದ್ರದ ಪಾಲು. ಪತ್ರಿಕೆ, ಪುಸ್ತಕ, ಮುದ್ರಣಾಲಯಗಳು ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಸಿನಿಮಾ ಇನ್ನೂ ಸ್ವಾರಸ್ಯಕರ: ಚಿತ್ರಕ್ಕೆ ಪ್ರಮಾಣಪತ್ರ ಕೊಡುವುದು ಕೇಂದ್ರ, ಚಿತ್ರಮಂದಿರಕ್ಕೆ ಪರವಾನಗಿ ಕೊಡುವುದು ರಾಜ್ಯ. ಒಂದೇ ಟಿಕೇಟಿನ ಹಿಂದೆ ಎರಡು ಸರ್ಕಾರಗಳು! ಇನ್ನು ಬಾನಲೆಗಳು ಸರ್ಕಾರದ ಸ್ವಂತ ಆಸ್ತಿಯಲ್ಲ, ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯನ್ನು ನಡೆಸುವ ಅವಕಾಶ ದೊರೆಯಿತು. ನೀತಿಯೆಂಬುದು ನ್ಯಾಯಾಲಯ, ಸಚಿವಾಲಯ, ಜನಾಭಿಪ್ರಾಯ ಇವುಗಳ ನಡುವೆ ಬೆಳೆಯುವ ವಸ್ತುವೆಂಬುದಕ್ಕೆ ಇದೊಂದು ನಿದರ್ಶನ.

ಜನರು ಮಾತನಾಡಿದರೆ ಏನಾದೀತು ಎನ್ನುವವರಿಗೂ ಉತ್ತರವಿದೆ. ಅಂತರಜಾಲದ ಕೆಲವು ತಾಣಗಳನ್ನು ಮಾತ್ರ ಅಗ್ಗವಾಗಿ ಒದಗಿಸಿ ಉಳಿದವಕ್ಕೆ ಬೇರೆ ದರ ವಿಧಿಸಬಹುದೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2015ರ ಡಿಸೆಂಬರಿನಲ್ಲಿ ಸಾರ್ವಜನಿಕರನ್ನು ಕೇಳಿತು. ಲಕ್ಷಾಂತರ ಮಂದಿ ಬರೆದರು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಹೊಸ ಶಾಸನಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರವೇ 2014ರಲ್ಲಿ ಗೊತ್ತುಪಡಿಸಿತು.

ಆದರೆ ತೊಡಕು ಇರುವುದು ಭಾಷೆಯಲ್ಲಿ. ಇಂಥ ಕರಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಹೊರಬರುತ್ತವೆ. ಮೂವತ್ತು ದಿನಗಳ ಬಾಗಿಲು ತೆರೆದಿದ್ದರೂ ರೋಣದ ಹುಡುಗಿಗೆ ಅದು ಕಾಣುವುದಿಲ್ಲ. ಆದುದರಿಂದ ಈ ಪಾಠವನ್ನು ರಾಜ್ಯಶಾಸ್ತ್ರದ ತರಗತಿಗಷ್ಟೇ ಬಿಡಲಾಗದು. ಕನ್ನಡದ ತರಗತಿಗೂ ಇದರಲ್ಲಿ ಹೊಣೆಯಿದೆ. ಒಂದು ಕರಡನ್ನು ತೆಗೆದುಕೊಂಡು ಅದರ ತಿರುಳನ್ನು ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿಸಬಹುದು. ‘ಮುನ್ನೂರು ಹಳ್ಳಿಗಳಿವೆ, ನೂರೇ ಯಂತ್ರಗಳಿವೆ, ಹಂಚಿರಿ’ ಎಂದು ಹೇಳಿ ಒಬ್ಬನನ್ನು ಮಂತ್ರಿ, ಒಬ್ಬಳನ್ನು ಎಂಜಿನಿಯರು, ಮತ್ತೊಬ್ಬನನ್ನು ಹೊರಗುಳಿದ ಹಳ್ಳಿಯ ರೈತ ಎಂದು ನಿಲ್ಲಿಸಬಹುದು. ಮಂತ್ರಿಯಾದವನು ತನ್ನ ಗೆರೆಗೆ ಕಾರಣ ಕೊಡಬೇಕು. ರೈತನಾದವನು ಅದಕ್ಕೆ ಮರುಮಾತು ಹೇಳಬೇಕು.

ಹತ್ತು ನಿಮಿಷಗಳ ಈ ಆಟದಲ್ಲಿ ನಕಾಶೆಯ ಗೆರೆ ಮನುಷ್ಯರ ಕೈಯಿಂದ ಮೂಡುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಮುಂದಿನ ಗೆರೆ ಎಳೆಯುವ ಹೊತ್ತಿಗೆ ತಮ್ಮ ಊರಿನ ಹೆಸರನ್ನು ಸಕಾಲದಲ್ಲಿ ಬರೆದು ಕಳಿಸುವ ಧೈರ್ಯ ಅವರಲ್ಲಿ ಒಬ್ಬರಿಗಾದರೂ ಬಂದೀತು.