ಲ್ಯಾಪ್‌ಟಾಪಿನ ಪರದೆ: ಹಿರಿದೋ, ಕಿರಿದೋ?

ಹತ್ತನೆಯ ತರಗತಿಯ ಫಲಿತಾಂಶ ಬಂದು, ಪ್ಲಸ್ ವನ್ ಪ್ರವೇಶದ ಗಡಿಬಿಡಿ ಮುಗಿಯುತ್ತಿದ್ದಂತೆ ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಮಕ್ಕಳ ಓದಿಗೆ ಒಂದು ಲ್ಯಾಪ್‌ಟಾಪ್ ಕೊಳ್ಳಬೇಕೇ, ಕೊಳ್ಳುವುದಾದರೆ ಎಂಥದ್ದು? ಅಡಿಕೆ ಮಾರಿದ ಹಣವೋ, ಬೀಡಿ ಕಟ್ಟಿ ಕೂಡಿಟ್ಟ ಹಣವೋ, ಕೊಲ್ಲಿ ನಾಡಿನಿಂದ ಅಣ್ಣ ಕಳುಹಿಸಿದ ಹಣವೋ, ಹೇಗೆ ಬಂದರೂ ಅದು ಬೆವರಿನ ಹಣ. ಒಮ್ಮೆ ಕೊಂಡ ಯಂತ್ರ ನಾಲ್ಕೈದು ವರ್ಷವಾದರೂ ಬಾಳಬೇಕು. ಹೀಗಿರುವಾಗ ಅಂಗಡಿಯ ಮೇಜಿನ ಮುಂದೆ ನಿಂತು, "ಹದಿನಾಲ್ಕು ಇಂಚಿನದ್ದು ಬೇಕೋ, ಹದಿನೈದು ಪಾಯಿಂಟ್ ಆರರದ್ದು ಬೇಕೋ?" ಎಂಬ ಪ್ರಶ್ನೆಗೆ ಅರೆಗಳಿಗೆಯಲ್ಲಿ ಉತ್ತರಿಸುವುದು ಜಾಣತನವಲ್ಲ. ಈ ಎರಡು ಅಳತೆಗಳ ಒಳಗುಟ್ಟೇನು, ಯಾರಿಗೆ ಯಾವುದು ಹಿತ ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಇಂಚಿನ ಲೆಕ್ಕ

ಮೊದಲು ತಿಳಿಯಬೇಕಾದುದು, ಈ ಇಂಚು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ ಎಂಬುದು. ಅದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಉದ್ದ. ಒಂದು ಇಂಚು ಎಂದರೆ 2.54 ಸೆಂಟಿಮೀಟರ್. ಹೆಚ್ಚಿನ ಲ್ಯಾಪ್‌ಟಾಪುಗಳ ಪರದೆಯಲ್ಲಿ ಅಗಲ 16 ಪಾಲು, ಎತ್ತರ 9 ಪಾಲು ಇರುತ್ತದೆ. ಗಣಿತದ ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. 16ರ ವರ್ಗ 256, 9ರ ವರ್ಗ 81, ಕೂಡಿದರೆ 337. ಅದರ ವರ್ಗಮೂಲ ಸುಮಾರು 18.36. ಅಂದರೆ ಕರ್ಣ 18.36 ಪಾಲು.

ಈ ಲೆಕ್ಕವನ್ನು ಮುಂದುವರಿಸಿದರೆ, 14 ಇಂಚಿನ ಪರದೆ ಸುಮಾರು 31 ಸೆಂ.ಮೀ. ಅಗಲ, 17.4 ಸೆಂ.ಮೀ. ಎತ್ತರವೆಂದು ತಿಳಿಯುತ್ತದೆ. 15.6 ಇಂಚಿನದ್ದು 34.5 ಸೆಂ.ಮೀ. ಅಗಲ, 19.4 ಸೆಂ.ಮೀ. ಎತ್ತರ. ಮೊದಲನೆಯದರ ವಿಸ್ತೀರ್ಣ ಸುಮಾರು 540 ಚದರ ಸೆಂಟಿಮೀಟರ್, ಎರಡನೆಯದರದ್ದು ಸುಮಾರು 670. "ಒಂದೂವರೆ ಇಂಚಿನಲ್ಲಿ ಏನು ಮಹಾ?" ಎಂದು ತೋರಿದರೂ ವಿಸ್ತೀರ್ಣದಲ್ಲಿ ನೂರಕ್ಕೆ ಇಪ್ಪತ್ತನಾಲ್ಕರಷ್ಟು ಹೆಚ್ಚಳವಿದೆ. ಉದ್ದ ಸ್ವಲ್ಪ ಬೆಳೆದರೂ ವಿಸ್ತೀರ್ಣ ಬಹಳ ಬೆಳೆಯುತ್ತದೆಂಬ ಪಾಠಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಹಳೆಯ ದಿನಪತ್ರಿಕೆಯಿಂದ ಈ ಎರಡು ಅಳತೆಯ ಕಾಗದಗಳನ್ನು ಕತ್ತರಿಸಿ ಓದುವ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿರಿ. ಅಂಗಡಿಗೆ ಹೋಗುವ ಮೊದಲೇ ಅರ್ಧ ಸಂದೇಹ ಪರಿಹಾರವಾಗುತ್ತದೆ.

ಈಚೆಗೆ 16ಕ್ಕೆ 10ರ ಪ್ರಮಾಣದ ಪರದೆಗಳೂ ಹೆಚ್ಚಾಗಿ ಬರುತ್ತಿವೆ. ಅಂತಹ 14 ಇಂಚಿನ ಪರದೆ ಸುಮಾರು 30.2 ಸೆಂ.ಮೀ. ಅಗಲ, 18.8 ಸೆಂ.ಮೀ. ಎತ್ತರ. ಎತ್ತರದಲ್ಲಿ ಇದು ಹದಿನೈದೂವರೆ ಇಂಚಿನ ಸಾಮಾನ್ಯ ಪರದೆಗೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಕಡಿಮೆ, ಅಷ್ಟೇ. ನಾವು ಪಾಠವನ್ನು ಮೇಲಿನಿಂದ ಕೆಳಗೆ ಓದುವವರಾದ್ದರಿಂದ ಓದಿಗೂ ಬರೆಹಕ್ಕೂ ಎತ್ತರವೇ ಹೆಚ್ಚು ಉಪಯೋಗಿ. ಇಂಚನ್ನು ಮಾತ್ರ ಕೇಳಿ ಆಕಾರವನ್ನು ಕೇಳದೆ ಕೊಳ್ಳಬಾರದು.

ಚುಕ್ಕೆಗಳ ಲೆಕ್ಕ

ದೊಡ್ಡ ಪರದೆಯಲ್ಲಿ ಹೆಚ್ಚು ವಿಷಯ ಕಾಣುತ್ತದೆಂದು ಹಲವರ ನಂಬಿಕೆ. ಇದು ಪೂರ್ತಿ ನಿಜವಲ್ಲ. ಪರದೆಯ ಚಿತ್ರವೆಲ್ಲ ಪಿಕ್ಸೆಲ್ ಎಂಬ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳಿಂದ ಆದುದು. 'ಫುಲ್ ಎಚ್‌ಡಿ' ಎಂದು ಹೇಳುವ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. 14 ಇಂಚಿನದಾದರೂ 15.6ರದ್ದಾದರೂ ಲೆಕ್ಕ ಇಷ್ಟೇ. ಆದುದರಿಂದ ಒಂದೇ ಹೊಂದಿಕೆಯಲ್ಲಿ ಎರಡರಲ್ಲೂ ಕಾಣುವ ಸಾಲುಗಳು ಅಷ್ಟೇ. ದೊಡ್ಡದರಲ್ಲಿ ಅವೇ ಸಾಲುಗಳು ತುಸು ದಪ್ಪವಾಗಿ ಕಾಣುತ್ತವೆ. ದೊಡ್ಡದರಲ್ಲಿ 10 ಮಿಲಿಮೀಟರ್ ಇರುವ ಅಕ್ಷರ ಚಿಕ್ಕದರಲ್ಲಿ ಸುಮಾರು 9 ಮಿಲಿಮೀಟರ್ ಆಗುತ್ತದೆ. ಚಿಕ್ಕದರಲ್ಲಿ ಅಕ್ಷರಗಳನ್ನು ಹಿಗ್ಗಿಸಿಕೊಳ್ಳಬಹುದು, ಆದರೆ ಆಗ ಒಂದೆರಡು ಸಾಲುಗಳು ಪರದೆಯಿಂದ ಹೊರಗೆ ಹೋಗುತ್ತವೆ. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು.

ಇದರಲ್ಲೇ ಒಂದು ಅಪಾಯವೂ ಅಡಗಿದೆ. ಇಂದಿಗೂ ಕಡಿಮೆ ಬೆಲೆಯ ಕೆಲವು ಯಂತ್ರಗಳಲ್ಲಿ 1366ಕ್ಕೆ 768ರ ಪರದೆ ಇರುತ್ತದೆ. ಅದರ ಚುಕ್ಕೆಗಳು ಒಟ್ಟು 10,49,088, ಎಂದರೆ ಫುಲ್ ಎಚ್‌ಡಿಯ ಅರ್ಧದಷ್ಟು ಮಾತ್ರ. ಇಷ್ಟು ಕಡಿಮೆ ಚುಕ್ಕೆಗಳನ್ನು 15.6 ಇಂಚಿಗೆ ಹರಡಿದರೆ ಒಂದು ಇಂಚಿಗೆ ನೂರು ಚುಕ್ಕೆ ಬರುತ್ತದೆ. 14 ಇಂಚಿನ ಫುಲ್ ಎಚ್‌ಡಿಯಲ್ಲಾದರೋ ಇಂಚಿಗೆ 157. ಹಿಟ್ಟು ಅಷ್ಟೇ ಇದ್ದು ದೋಸೆಯನ್ನು ದೊಡ್ಡದಾಗಿ ಹರಡಿದರೆ ಅಲ್ಲಲ್ಲಿ ತೂತು ಬೀಳುವುದಿಲ್ಲವೇ? ಹಾಗೆಯೇ ಇದು.

ಕನ್ನಡ ಓದುವವರಿಗೆ ಈ ಮಾತು ಇನ್ನೂ ಮುಖ್ಯ. ನಮ್ಮ ಲಿಪಿಯಲ್ಲಿ ಅಕ್ಷರದ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಮೇಲೊಂದು ಒತ್ತು. 'ರಾಷ್ಟ್ರ', 'ಸ್ತ್ರೀ' ಎಂಬ ಪದಗಳನ್ನು ಸಣ್ಣಕ್ಷರದಲ್ಲಿ ನೋಡಿದವರಿಗೆ ಇದರ ಕಷ್ಟ ಗೊತ್ತು. 'ದನ'ಕ್ಕೂ 'ಧನ'ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಒಂದು ಸೀಳು, 'ರ'ಕ್ಕೂ 'ಠ'ಕ್ಕೂ ಇರುವುದು ನಡುವಿನ ಒಂದು ಚುಕ್ಕೆ. ಚುಕ್ಕೆಗಳು ವಿರಳವಾದ ಪರದೆಯಲ್ಲಿ ಈ ಸೀಳೂ ಚುಕ್ಕೆಯೂ ಮಸುಕಾಗಿ ಬಿಡುತ್ತವೆ. ಅದೇ ಪುಟದ ಇಂಗ್ಲಿಷ್ ಸಾಲು ಸ್ಪಷ್ಟವಾಗಿ ಕಾಣುತ್ತಿದ್ದರೂ ಕನ್ನಡ ಸಾಲಿಗೆ ಕಣ್ಣು ಕಿರಿದುಮಾಡಬೇಕಾಗುತ್ತದೆ. ಆದುದರಿಂದ ಪರದೆ ಯಾವ ಅಳತೆಯದ್ದಾದರೂ ಫುಲ್ ಎಚ್‌ಡಿಗಿಂತ ಕೆಳಗೆ ಇಳಿಯಬಾರದು ಎಂಬುದು ನಮ್ಮ ಮೊದಲ ಸೂತ್ರ.

ತೂಕ, ಚೀಲ, ಬಸ್ಸು

ಲ್ಯಾಪ್‌ಟಾಪ್ ಮನೆಯಲ್ಲೇ ಇರುವುದೋ, ದಿನವೂ ಹೊರಗೆ ಹೋಗುವುದೋ? ಆಯ್ಕೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. 14 ಇಂಚಿನ ಯಂತ್ರಗಳು ಸಾಮಾನ್ಯವಾಗಿ ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋ ತೂಗುತ್ತವೆ. 15.6ರವು ಒಂದೂವರೆಯಿಂದ ಎರಡು ಕಿಲೋ. ಆಟಗಳಿಗೆಂದೇ ಮಾಡಿದ ಬಲಶಾಲಿ ಯಂತ್ರಗಳು ಎರಡು ಕಿಲೋವನ್ನೂ ದಾಟುತ್ತವೆ. ಇದಕ್ಕೆ ಚಾರ್ಜರಿನ ತೂಕವನ್ನೂ ಕೂಡಿಸಬೇಕು.

ವಿದ್ಯಾರ್ಥಿಯ ಚೀಲದ ತೂಕ ದೇಹದ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂದು ಕೇಂದ್ರದ ಶಿಕ್ಷಣ ಸಚಿವಾಲಯದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. 45 ಕಿಲೋ ತೂಗುವ ವಿದ್ಯಾರ್ಥಿನಿಗೆ ಈ ಮಿತಿ ನಾಲ್ಕೂವರೆ ಕಿಲೋ. ಚಾರ್ಜರು ಸೇರಿ 1.7 ಕಿಲೋ ಲ್ಯಾಪ್‌ಟಾಪಿಗೆ ಹೋದರೆ ಪುಸ್ತಕ, ಬುತ್ತಿ, ನೀರು, ಕೊಡೆಗಳಿಗೆ 2.8 ಕಿಲೋ ಉಳಿಯುತ್ತದೆ. ಲ್ಯಾಪ್‌ಟಾಪು, ಚಾರ್ಜರುಗಳೇ 2.4 ಕಿಲೋ ಆದರೆ ಉಳಿಯುವುದು 2.1 ಮಾತ್ರ. ಅಂಗಡಿಯಲ್ಲಿ ಒಂದು ನಿಮಿಷ ಎತ್ತಿ ನೋಡುವಾಗ ಈ ಏಳುನೂರು ಗ್ರಾಮು ಏನೂ ಅಲ್ಲವೆನಿಸುತ್ತದೆ. ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತು ಪಯಣಿಸುವ ಹೆಗಲಿಗೆ ಅದರ ಲೆಕ್ಕ ಬೇರೆ. ನಮ್ಮ ಶಾಲೆ ಬಿಟ್ಟು ಹೋದ ಹಲವರು ಹೀಗೆ ದಿನವೂ ಕಾಲೇಜಿಗೆ ಹೋಗಿ ಬರುವವರೆಂಬುದನ್ನು ಮರೆಯಲಾಗದು. ದೊಡ್ಡ ಯಂತ್ರ ಸಾಮಾನ್ಯ ಚೀಲದಲ್ಲಿ ಪೂರ್ತಿ ಹಿಡಿಯದೆ ಜಿಪ್ಪು ಅರ್ಧ ತೆರೆದೇ ಉಳಿಯುವುದುಂಟು. ನಮ್ಮ ಆಷಾಢದ ಮಳೆಗೆ ಅಷ್ಟು ಬಾಗಿಲು ಸಾಕು!

ಕೀಲಿಮಣೆ ಮತ್ತು ಬ್ಯಾಟರಿ

15.6 ಇಂಚಿನ ಯಂತ್ರದಲ್ಲಿ ಅಗಲ ಹೆಚ್ಚಿರುವುದರಿಂದ ಬಲಬದಿಗೆ ಅಂಕಿಗಳ ಪ್ರತ್ಯೇಕ ಮಣೆಯನ್ನು ಹೆಚ್ಚಾಗಿ ಇಟ್ಟಿರುತ್ತಾರೆ. ವಾಣಿಜ್ಯ ಓದುವವರಿಗೆ, ಅಂಗಡಿಯ ಲೆಕ್ಕ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಇದರಿಂದ ಅಕ್ಷರಗಳ ಮಣೆ ಎಡಕ್ಕೆ ಸರಿಯುತ್ತದೆ. ಬರೆಯುವಾಗ ಮೈ ತುಸು ಎಡಕ್ಕೆ, ನೋಟ ಬಲಕ್ಕೆ. ದಿನವಿಡೀ ಬೆರಳಚ್ಚು ಮಾಡುವವರಿಗೆ 14 ಇಂಚಿನ ನಡುಮಣೆಯೇ ಹೆಚ್ಚು ಹಿತ.

ದೊಡ್ಡ ಪರದೆಯನ್ನು ಬೆಳಗಲು ಹೆಚ್ಚು ವಿದ್ಯುತ್ತು ಬೇಕು. ಬ್ಯಾಟರಿಯ ಮೇಲೆ 'ವಾಟ್-ಅವರ್' ಎಂಬ ಒಂದು ಅಂಕೆ ಬರೆದಿರುತ್ತದೆ. 50 ವಾಟ್-ಅವರಿನ ಬ್ಯಾಟರಿ ಸರಾಸರಿ 10 ವಾಟಿನಂತೆ ಐದು ಗಂಟೆ ನಡೆದರೆ, ಪರದೆಯ ಹೆಚ್ಚಿನ ಬೆಳಕು ಸೇರಿ 12.5 ವಾಟ್ ಆದಾಗ ನಾಲ್ಕೇ ಗಂಟೆ. ಕೆಲವು ದೊಡ್ಡ ಯಂತ್ರಗಳಲ್ಲಿ ಬ್ಯಾಟರಿಯೂ ದೊಡ್ಡದಿರುವುದರಿಂದ ಈ ನಷ್ಟ ತುಂಬಿ ಬರುತ್ತದೆ, ಎಲ್ಲದರಲ್ಲಿ ಅಲ್ಲ. ಗಾಳಿಮಳೆಗೆ ಕರೆಂಟು ಹೋದ ಸಂಜೆ ಓದಬೇಕಾದ ನಮ್ಮ ಹಳ್ಳಿಗಳವರು ಈ ಅಂಕೆಯನ್ನು ಕೇಳಿಯೇ ಕೊಳ್ಳಬೇಕು.

ಸ್ವಲ್ಪ ಚರಿತ್ರೆ

ಪರದೆ ಮತ್ತು ತೂಕದ ಈ ಜಗ್ಗಾಟ ಹೊಸದೇನಲ್ಲ. 1981ರಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್ 1 ಎಂಬ 'ಹೊತ್ತೊಯ್ಯುವ' ಕಂಪ್ಯೂಟರಿನ ಪರದೆ ಕೇವಲ 5 ಇಂಚು, ತೂಕ ಮಾತ್ರ 11 ಕಿಲೋ! ಅದೇ ಕಾಲದ ಎಪ್ಸನ್ ಎಚ್‌ಎಕ್ಸ್-20 ಸುಮಾರು 1.6 ಕಿಲೋ ತೂಗುತ್ತಿತ್ತು. ಆದರೆ ಅದರ ಪರದೆಯಲ್ಲಿ ಹಿಡಿಯುತ್ತಿದ್ದುದು ನಾಲ್ಕು ಸಾಲು, ಸಾಲಿಗೆ ಇಪ್ಪತ್ತು ಅಕ್ಷರ. 2007ರಲ್ಲಿ ಬಂದ ಏಸುಸ್ ಕಂಪೆನಿಯ ಈ-ಪಿಸಿ ಒಂದು ಕಿಲೋವೂ ಇಲ್ಲದ, 7 ಇಂಚಿನ ಪುಟ್ಟ ಯಂತ್ರ. ಜನ ಮೆಚ್ಚಿ ಕೊಂಡರು, ಆದರೆ ಓದಲು ಪರದೆ ಸಾಲದೆ ಮರುವರ್ಷವೇ 9, 10 ಇಂಚಿನವು ಬಂದವು. ತೀರಾ ಕಿರಿದು ಕಣ್ಣಿಗಾಗದು, ತೀರಾ ಹಿರಿದು ಹೆಗಲಿಗಾಗದು.

ಮೂರನೆಯ ದಾರಿ

ದಿನವೂ ಹೊತ್ತು ಹೋಗಬೇಕು, ಮನೆಯಲ್ಲಿ ದೊಡ್ಡ ಪರದೆಯೂ ಬೇಕು ಎನ್ನುವವರಿಗೆ ಮೂರನೆಯ ದಾರಿಯೊಂದಿದೆ. 14 ಇಂಚಿನ ಲ್ಯಾಪ್‌ಟಾಪನ್ನು ಕೊಂಡು ಮನೆಯಲ್ಲಿ ಬೇರೆ ಮಾನಿಟರಿಗೆ ಜೋಡಿಸುವುದು. ಎಚ್‌ಡಿಎಂಐ ಎಂಬ ತಂತಿಯೊಂದಿದ್ದರೆ ಮನೆಯ ಟಿ.ವಿ.ಯೇ ಮಾನಿಟರಾಗುತ್ತದೆ. ನಮ್ಮ ತರಗತಿಗಳಲ್ಲಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ಪಾಠ ತೋರಿಸುವುದೂ ಇದೇ ಉಪಾಯದಿಂದ. ಆದರೆ ಯಂತ್ರದಲ್ಲಿ ಆ ತಂತಿಗೆ ಕಿಂಡಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಚಿಕ್ಕದನ್ನು ಹೀಗೆ ದೊಡ್ಡದು ಮಾಡಿಕೊಳ್ಳಬಹುದು, ದೊಡ್ಡದನ್ನು ಚಿಕ್ಕದು ಮಾಡಿ ಚೀಲಕ್ಕೆ ಹಾಕಲಾಗದು.

ಕಣ್ಣಿನ ಮಾತು

ದೊಡ್ಡ ಪರದೆ ಕೊಂಡರೆ ಕಣ್ಣಿಗೆ ಒಳ್ಳೆಯದೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಪೂರ್ತಿ ಇಲ್ಲ. ಕಣ್ಣಿಗೆ ಬೇಕಾದುದು ಸಾಕಷ್ಟು ದಪ್ಪ ಅಕ್ಷರ, ಸರಿಯಾದ ದೂರ ಮತ್ತು ವಿಶ್ರಾಂತಿ. ಪರದೆ ಒಂದು ತೋಳಿನಷ್ಟು ದೂರವಿರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಇಲ್ಲವೇ ತುಸು ಕೆಳಗಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಮಾವಿನ ಮರವನ್ನೋ ತೆಂಗಿನ ಗರಿಯನ್ನೋ ಇಪ್ಪತ್ತು ಸೆಕೆಂಡು ನೋಡುವುದು ಒಳ್ಳೆಯ ಅಭ್ಯಾಸ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇದಕ್ಕೆ ಇಂಚು ಮದ್ದಲ್ಲ. ಹಾಸಿಗೆಯಲ್ಲಿ ಬೋರಲು ಮಲಗಿ ನೋಡುವವರಿಗೆ ಯಾವ ಅಳತೆಯ ಪರದೆಯೂ ಕತ್ತುನೋವನ್ನು ತಪ್ಪಿಸದು.

ಯಾರಿಗೆ ಯಾವುದು?

ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಹೊತ್ತು ಹೋಗುವವರಿಗೆ, ಹಾಸ್ಟೆಲಿನಲ್ಲಿ ಇಕ್ಕಟ್ಟಾದ ಮೇಜಿರುವವರಿಗೆ, ಹೆಚ್ಚಾಗಿ ಓದು ಬರೆಹಕ್ಕೆ ಬಳಸುವವರಿಗೆ 14 ಇಂಚು ಸಾಕು. ಸಿಗುವುದಾದರೆ 16ಕ್ಕೆ 10ರ ಪರದೆ ಇನ್ನೂ ಉತ್ತಮ. ಯಂತ್ರ ಮನೆಯ ಮೇಜಿನಲ್ಲೇ ಇದ್ದು ಅಣ್ಣ, ತಂಗಿ, ತಾಯಿ, ತಂದೆ ಎಲ್ಲರೂ ಬಳಸುವುದಾದರೆ, ಲೆಕ್ಕಪತ್ರ, ಚಿತ್ರರಚನೆ, ನಕ್ಷೆಗಳ ಕೆಲಸವಿದ್ದರೆ, ಮನೆಯ ಹಿರಿಯರು ಕನ್ನಡಕ ಹಾಕಿ ಓದುವವರಾದರೆ 15.6 ಇಂಚು ಲೇಸು.

ಬೆಲೆಯ ವಿಷಯದಲ್ಲಿ ಒಂದು ಎಚ್ಚರ. 15.6 ಇಂಚಿನವು ಬಹಳ ಬಗೆಯಲ್ಲಿ ಬರುವುದರಿಂದ ಅವು ಅಗ್ಗಕ್ಕೆ ಸಿಗುವುದುಂಟು. ಅಗ್ಗವಾದದ್ದು ಏಕೆಂದು ಕೇಳಬೇಕು. ಚುಕ್ಕೆ ಕಡಿಮೆಯೋ, ಪಕ್ಕದಿಂದ ನೋಡಿದರೆ ಬಣ್ಣ ಮಾಸುವ ಪರದೆಯೋ, ನೆನಪಿನ ಶಕ್ತಿ ಕಡಿಮೆಯೋ? ಹಣಕ್ಕೆ ಮಿತಿಯಿರುವಾಗ ಇಂಚಿಗೆ ಕೊಡುವುದಕ್ಕಿಂತ ಒಳ್ಳೆಯ ಪರದೆಗೂ ನೆನಪಿನ ಶಕ್ತಿಗೂ ಕೊಡುವುದು ಮೇಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಅಂಗಡಿಗೆ ಹೋಗುವಾಗ ಬಳಸಬೇಕಾದ ವಿದ್ಯಾರ್ಥಿಯೂ ಜತೆಗಿರಲಿ, ಅವನ ಅಥವಾ ಅವಳ ಚೀಲವೂ ಇರಲಿ. ಒಂದು ಕನ್ನಡ ಪುಟವನ್ನು ಪರದೆಯ ಮೇಲೆ ತೆರೆಸಿ ತೋಳಿನಷ್ಟು ದೂರದಲ್ಲಿ ಕುಳಿತು ಓದಿ ನೋಡಿರಿ. ಪಕ್ಕಕ್ಕೆ ಸರಿದು ನೋಡಿರಿ. ಯಂತ್ರವನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿ, ಹತ್ತು ಹೆಜ್ಜೆ ನಡೆದು ನೋಡಿರಿ. ಕೂಡಿಟ್ಟ ಹಣವನ್ನು ಕೊಟ್ಟು ಕೊಳ್ಳುವವರಿಗೆ ಇಷ್ಟು ಪರೀಕ್ಷೆ ಮಾಡಲು ಸಂಕೋಚ ಬೇಡ.