ನಿಮಗಿದು ಗೊತ್ತೆ?: ಮೊಣಕಾಲಿನೊಳಗಣ ಸಿಮೆಂಟು

ಕೃತಕ ಮೊಣಕಾಲ ಕೀಲನ್ನು ಅಸ್ಥಿಯೊಡನೆ ಬಿಗಿಯುವ ಬೋನ್ ಸಿಮೆಂಟು ಮನೆ ಕಟ್ಟುವ ಸಿಮೆಂಟಿನ ಕುಲಕ್ಕೆ ಸೇರಿದುದಲ್ಲ. ದಂತವೈದ್ಯರು ಕಟ್ಟುಹಲ್ಲಿನ ವಸಡನ್ನು ರೂಪಿಸಲು ಬಳಸುತ್ತಿದ್ದ ಅಕ್ರಿಲಿಕ್ಕಿನ ಒಡಹುಟ್ಟಾದ ಈ ದ್ರವ್ಯವನ್ನು 1950ರ ದಶಕದ ಅಂತ್ಯದಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ತಂದು ನೆಲೆಗೊಳಿಸಿದ ಕೀರ್ತಿ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರದು. ಅದಕ್ಕೂ ಬಹು ಮುಂಚೆ, 1890ರಲ್ಲಿಯೇ, ಬರ್ಲಿನ್ನಿನ ಥೆಮಿಸ್ಟಾಕ್ಲಿಸ್ ಗ್ಲುಕ್ ಎಂಬ ವೈದ್ಯರು ಆನೆದಂತದ ಮೊಣಕಾಲನ್ನು ಕೂರಿಸಿದ್ದರೆಂಬುದು ಸೋಜಿಗವೇ ಸರಿ.

ಪುಡಿಯನ್ನೂ ದ್ರವವನ್ನೂ ಶಸ್ತ್ರಕ್ರಿಯೆಯ ಕೊಠಡಿಯಲ್ಲಿಯೇ ಕಲಸಿ, ನಾದಿದ ಹಿಟ್ಟಿನ ಹದಕ್ಕೆ ಬಂದೊಡನೆ ಅಸ್ಥಿಗೆ ಒತ್ತಿದರೆ, ತನ್ನೊಳಗಿನಿಂದಲೇ ಶಾಖವನ್ನು ಹೊಮ್ಮಿಸುತ್ತ ಸುಮಾರು ಕಾಲು ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಅಂಟಿನಂತೆ ಹಿಡಿಯದೆ, ಅಸ್ಥಿಯ ಸೂಕ್ಷ್ಮರಂಧ್ರಗಳನ್ನು ಹೊಕ್ಕು ನಿಲ್ಲುವುದರಲ್ಲಿಯೇ ಅದರ ಬಲವಿದೆ. ಆದರೆ ತರುವಾಯ ತಿಂಗಳುಗಟ್ಟಲೆ ಉಳಿಯಬಹುದಾದ ಊತವೂ ಬಿಸಿಯೂ ಆ ಶಾಖದ ಶೇಷವಲ್ಲ. ಬಹುಮಟ್ಟಿಗೆ ಗಾಯ ಮಾಯುವ ದೇಹವ್ಯಾಪಾರವೇ ಅದು. ಜ್ವರ, ಹೆಚ್ಚುತ್ತಿರುವ ನೋವು, ಒಸರುವ ಕೀವು ಕಂಡಲ್ಲಿ ಮಾತು ಬೇರೆ; ವೈದ್ಯರನ್ನು ಒಡನೆಯೇ ಕಾಣತಕ್ಕದ್ದು.

ಸೋಂಕಿನ ಭಯವುಳ್ಳೆಡೆ ಜೆಂಟಮೈಸಿನ್ ಬೆರೆತ ಸಿಮೆಂಟನ್ನು ಆಯುವುದುಂಟು: ಗಟ್ಟಿಯಾಗುವಾಗಿನ ಬಿಸಿಗೂ ಕೆಡದ ಈ ಔಷಧ ಅನಂತರ ಮೆಲ್ಲಮೆಲ್ಲನೆ ಹೊರಸೂಸುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಸಿಮೆಂಟು ಬೆಳ್ಳಗೆ ಕಾಣುವುದು ಮಾತ್ರ ಅದಕ್ಕೆ ಬೆರೆಸಿದ ಬೇರಿಯಂ ಸಲ್ಫೇಟಿನಂಥ ಲವಣದ ಕೃಪೆ.